ರುದರ್‌ಫೋರ್ಡ್ ಚದುರಿಕೆಯ ಸಿಮ್ಯುಲೇಶನ್: 90° ಬರಬೇಕಾದಲ್ಲಿ 87.4° ಬರುತ್ತಿದೆ

ಪ್ರಶ್ನೆ

ಚಿನ್ನದ ನ್ಯೂಕ್ಲಿಯಸ್‌ನಿಂದ ಆಲ್ಫಾ ಕಣ (ಹೀಲಿಯಂ ನ್ಯೂಕ್ಲಿಯಸ್) ಚದುರುವುದನ್ನು ಲೆಕ್ಕ ಹಾಕಲು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದಿದ್ದೇನೆ. ನ್ಯೂಕ್ಲಿಯಸ್ ಮೂಲಬಿಂದುವಿನಲ್ಲಿ ಅಲುಗದೆ ಇರುತ್ತದೆ, ಬಲ ಕೂಲಂಬ್ ವಿಕರ್ಷಣೆ (ಒಂದೇ ಬಗೆಯ ವಿದ್ಯುದಾವೇಶಗಳು ಪರಸ್ಪರ ದೂಡುವ ಬಲ) ಮಾತ್ರ, ಕಣದ ಶಕ್ತಿ 5 ಎಂಇವಿ (ದಶಲಕ್ಷ ಎಲೆಕ್ಟ್ರಾನ್ ವೋಲ್ಟ್). ನೇರ ಡಿಕ್ಕಿಯಲ್ಲಿ ಕಣ ತಲುಪುವ ಅತಿ ಸಮೀಪದ ದೂರ 45.5 ಫೆಮ್ಟೊಮೀಟರ್ (ಒಂದು ಫೆಮ್ಟೊಮೀಟರ್ ಎಂದರೆ 10⁻¹⁵ ಮೀಟರ್) ಆಗುವುದರಿಂದ, ಅದರ ಅರ್ಧವನ್ನು, ಅಂದರೆ 22.75 ಫೆಮ್ಟೊಮೀಟರನ್ನು, ಇಂಪ್ಯಾಕ್ಟ್ ಪ್ಯಾರಾಮೀಟರ್ (ಕಣದ ಆರಂಭದ ನೇರ ದಾರಿ ನ್ಯೂಕ್ಲಿಯಸ್ಸಿನಿಂದ ಎಷ್ಟು ಪಕ್ಕಕ್ಕಿದೆ ಎಂಬ ಅಡ್ಡ ದೂರ) ಆಗಿ ಕೊಟ್ಟರೆ ರುದರ್‌ಫೋರ್ಡ್ ಸೂತ್ರದ ಪ್ರಕಾರ ಕಣ 90° ತಿರುಗಬೇಕು. ಕಣವನ್ನು 500 ಫೆಮ್ಟೊಮೀಟರ್ ದೂರದಿಂದ 5 ಎಂಇವಿಗೆ ತಕ್ಕ ವೇಗದಲ್ಲಿ ಹೊರಡಿಸಿ, ಅದು ಮತ್ತೆ ಅಷ್ಟೇ ದೂರ ಹೋದಾಗ ವೇಗದ ದಿಕ್ಕನ್ನು ಅಳೆದರೆ 87.4° ಸಿಗುತ್ತಿದೆ. ಕಾಲದ ಹೆಜ್ಜೆಯನ್ನು ಅರ್ಧಕ್ಕೆ, ಕಾಲು ಭಾಗಕ್ಕೆ ಇಳಿಸಿದರೂ ಉತ್ತರ ಕದಲುವುದಿಲ್ಲ.

ಇನ್ನೊಂದು ತೊಂದರೆಯೂ ಇದೆ. ಇಂಪ್ಯಾಕ್ಟ್ ಪ್ಯಾರಾಮೀಟರನ್ನು 0 ಯಿಂದ 200 ಫೆಮ್ಟೊಮೀಟರ್ ವರೆಗೆ ಯಾದೃಚ್ಛಿಕವಾಗಿ ಆರಿಸಿ ಸಾವಿರಾರು ಕಣಗಳನ್ನು ಬಿಟ್ಟು, ಪ್ರತಿ ಘನಕೋನಕ್ಕೆ (ಮೂರು ಆಯಾಮದಲ್ಲಿ ದಿಕ್ಕುಗಳ ಹರವಿನ ಅಳತೆ) ಬಿದ್ದ ಎಣಿಕೆಯನ್ನು ತಿರುಗಿದ ಕೋನದ ಅರ್ಧದ, ಅಂದರೆ ಅರ್ಧಕೋನದ, ಸೈನ್‌ಗೆ ಎದುರಾಗಿ ಲಾಗ್-ಲಾಗ್ ನಕ್ಷೆಯಲ್ಲಿ ಹಾಕಿದರೆ, ಸಣ್ಣ ಕೋನಗಳಲ್ಲಿ ಇಳಿಜಾರು ಸೂತ್ರ ಹೇಳುವ −4ರ ಬದಲು −3ರ ಆಸುಪಾಸಿನಲ್ಲಿದೆ. 180°ಯ ಹತ್ತಿರ ಎಣಿಕೆ ಮತ್ತೆ ಮೇಲೇರುತ್ತದೆ. ಎರಡಕ್ಕೂ ಕಾರಣ ಒಂದೇ ಇರಬಹುದೇ?

ಮೊದಲ ಉತ್ತರ

ಪಠ್ಯಪುಸ್ತಕದ ಸೂತ್ರ ದ್ರವ್ಯರಾಶಿ ಕೇಂದ್ರದ ಚೌಕಟ್ಟಿಗೆ (ಆಲ್ಫಾ ಮತ್ತು ನ್ಯೂಕ್ಲಿಯಸ್‌ಗಳ ಒಟ್ಟು ದ್ರವ್ಯರಾಶಿಯ ಕೇಂದ್ರ ನಿಂತಂತೆ ಕಾಣುವ ನೋಟಕ್ಕೆ) ಸೇರಿದ್ದು. ಆಲ್ಫಾ ಮತ್ತು ಚಿನ್ನದ ದ್ರವ್ಯರಾಶಿಗಳ ಅನುಪಾತ ಸುಮಾರು 4ಕ್ಕೆ 197 ಆಗಿರುವುದರಿಂದ, ಅಲ್ಲಿನ 90° ಪ್ರಯೋಗಾಲಯದಲ್ಲಿ 88.8° ಆಗಿ ಕಾಣುತ್ತದೆ. ವ್ಯತ್ಯಾಸದ ಒಂದು ಭಾಗವಾದರೂ ಇದರಿಂದ ಬಂದಿರಬಹುದು.

ಎರಡನೆಯ ಉತ್ತರ

ಮೇಲಿನವರು ಕೊಟ್ಟ ಸಂಖ್ಯೆ ಸರಿಯಾಗಿದೆ, ಆದರೆ ಅದು ಇಲ್ಲಿ ಅನ್ವಯಿಸುವುದಿಲ್ಲ. ನ್ಯೂಕ್ಲಿಯಸ್ಸನ್ನು ಅಲುಗದಂತೆ ಇಟ್ಟಿರುವುದರಿಂದ ನಿಮ್ಮ ಪ್ರೋಗ್ರಾಂನಲ್ಲಿ ಎರಡು ಚೌಕಟ್ಟುಗಳ ಪ್ರಶ್ನೆಯೇ ಏಳುವುದಿಲ್ಲ. ಅಳತೆ ಮಾಡಿದ ದತ್ತಾಂಶದೊಂದಿಗೆ ಹೋಲಿಸುವಾಗ ಮಾತ್ರ ಆ ತಿದ್ದುಪಡಿ ಬೇಕಾಗುತ್ತದೆ.

ಹೆಜ್ಜೆ ಕಿರಿದಾದರೂ ಉತ್ತರ ಬದಲಾಗದಿರುವುದೇ ಇಲ್ಲಿ ಮುಖ್ಯ ಸುಳಿವು: ನಿಮ್ಮ ಸಮಾಕಲನ ಸರಿಯಾಗಿಯೇ ನಡೆಯುತ್ತಿದೆ, ಆದರೆ ನೀವು ಬಿಡಿಸುತ್ತಿರುವುದು ಬೇರೊಂದು ಕಕ್ಷೆಯನ್ನು. ಸೂತ್ರದಲ್ಲಿರುವ 5 ಎಂಇವಿ ಅನಂತ ದೂರದಲ್ಲಿರುವ ಕಣದ ಚಲನಶಕ್ತಿ. ಕೂಲಂಬ್ ಪ್ರಚ್ಛನ್ನ ಶಕ್ತಿ ದೂರದ ವಿಲೋಮದಂತೆ ಬಹಳ ನಿಧಾನವಾಗಿ ಕುಗ್ಗುತ್ತದೆ. 500 ಫೆಮ್ಟೊಮೀಟರ್ ದೂರದಲ್ಲಿಯೂ ಅದು ಸುಮಾರು 0.455 ಎಂಇವಿ ಇರುತ್ತದೆ. ಆ ಜಾಗದಲ್ಲಿ ಪೂರ್ತಿ 5 ಎಂಇವಿ ಚಲನಶಕ್ತಿಯನ್ನು ಕೊಟ್ಟಿರುವುದರಿಂದ ನಿಮ್ಮ ಕಣದ ಒಟ್ಟು ಶಕ್ತಿ 5.455 ಎಂಇವಿ ಆಗಿದೆ, ಹೆಚ್ಚು ಶಕ್ತಿಯ ಕಣ ಕಡಿಮೆ ತಿರುಗುತ್ತದೆ. ಈ ಶಕ್ತಿಯನ್ನೂ ನೀವು ಕೊಟ್ಟ ಕೋನೀಯ ಸಂವೇಗವನ್ನೂ (ಇಲ್ಲಿ ದ್ರವ್ಯರಾಶಿ, ವೇಗ, ಅಡ್ಡ ದೂರಗಳ ಗುಣಲಬ್ಧ) ಸೂತ್ರಕ್ಕೆ ಹಾಕಿದರೆ 87.5° ಬರುತ್ತದೆ. ಉಳಿದ 0.1° ಕಕ್ಷೆಯ ಎರಡೂ ತುದಿಗಳನ್ನು ಕತ್ತರಿಸಿರುವುದರಿಂದ ಕಳೆದುಹೋದದ್ದು.

ಪರೀಕ್ಷಿಸುವುದು ಸುಲಭ. ಬೇರೇನನ್ನೂ ಮುಟ್ಟದೆ ಆರಂಭದ ಹಾಗೂ ಕೊನೆಯ ದೂರವನ್ನು 1000 ಫೆಮ್ಟೊಮೀಟರಿಗೆ ಏರಿಸಿದರೆ ಉತ್ತರ ಸುಮಾರು 88.7° ಆಗಬೇಕು, ಅಂದರೆ ದೋಷ ಅರ್ಧಕ್ಕೆ ಇಳಿಯಬೇಕು. ಆದರೆ ದೂರವನ್ನು ಹೀಗೆ ಹಿಗ್ಗಿಸುತ್ತಾ ಹೋಗುವುದು ಪರಿಹಾರವಲ್ಲ. 5000 ಫೆಮ್ಟೊಮೀಟರಿನಲ್ಲಿಯೂ ಕಾಲು ಡಿಗ್ರಿಯಷ್ಟು ಕೊರತೆ ಉಳಿದಿರುತ್ತದೆ. ಕೇಂದ್ರೀಯ ಬಲದಲ್ಲಿ ಕಕ್ಷೆಯ ಆಕಾರವನ್ನು ನಿರ್ಧರಿಸುವುದು ಶಕ್ತಿ ಮತ್ತು ಕೋನೀಯ ಸಂವೇಗ ಎರಡೇ ಆದ್ದರಿಂದ, ಅವೆರಡನ್ನೂ ಸರಿಯಾಗಿ ಹೊಂದಿಸುವುದೇ ನೇರವಾದ ದಾರಿ. ಆರಂಭದ ವೇಗವನ್ನು 5 ಎಂಇವಿಯಲ್ಲಿ ಪ್ರಚ್ಛನ್ನ ಶಕ್ತಿಯನ್ನು ಕಳೆದು ಉಳಿದದ್ದರಿಂದ ಲೆಕ್ಕ ಹಾಕಿ. ವೇಗ ತಗ್ಗಿದ ಪ್ರಮಾಣದಲ್ಲಿಯೇ ಆರಂಭದ ಅಡ್ಡ ದೂರವನ್ನು ಹಿಗ್ಗಿಸಿದರೆ ಕೋನೀಯ ಸಂವೇಗವೂ ಅನಂತದಲ್ಲಿದ್ದಷ್ಟೇ ಆಗುತ್ತದೆ. ಆಮೇಲೆ ಉಳಿಯುವ ದೋಷ ದೂರದ ವರ್ಗದ ವಿಲೋಮದಂತೆ ಇಳಿಯುತ್ತದೆ. ಕೋನವನ್ನು ಕಣದ ಸ್ಥಾನದಿಂದಲ್ಲ, ವೇಗದಿಂದಲೇ ಅಳೆಯುತ್ತಿರುವುದು ಒಳ್ಳೆಯದಾಯಿತು. ಕಣದ ಕಕ್ಷೆಯಾದ ಅತಿಪರವಲಯದ ಅನಂತಸ್ಪರ್ಶಕ (ಬಹು ದೂರದಲ್ಲಿ ಕಕ್ಷೆ ಸಮೀಪಿಸುವ ನೇರ ಗೆರೆ) ನ್ಯೂಕ್ಲಿಯಸ್ಸಿನ ಮೂಲಕ ಹಾದುಹೋಗುವುದಿಲ್ಲವಾದ್ದರಿಂದ ಸ್ಥಾನದಿಂದ ಅಳೆದಿದ್ದರೆ ಇನ್ನೂ ದೊಡ್ಡ ತಪ್ಪು ಸೇರಿಕೊಳ್ಳುತ್ತಿತ್ತು.

ಪ್ರಶ್ನೆ ಕೇಳಿದವರ ಮರುನುಡಿ

1000 ಫೆಮ್ಟೊಮೀಟರಿಗೆ 88.7° ಬಂದಿತು. ವೇಗವನ್ನೂ ಅಡ್ಡ ದೂರವನ್ನೂ ತಿದ್ದಿದ ಮೇಲೆ 500 ಫೆಮ್ಟೊಮೀಟರಿನಲ್ಲಿಯೇ 89.9° ಸಿಗುತ್ತಿದೆ. ಆದರೆ ಎರಡನೆಯ ನಕ್ಷೆಯ ಇಳಿಜಾರಿನಲ್ಲಿ ಯಾವ ಬದಲಾವಣೆಯೂ ಆಗಿಲ್ಲ.

ಎರಡನೆಯ ಉತ್ತರ ಕೊಟ್ಟವರಿಂದ

ಆಗುವುದೂ ಇಲ್ಲ, ಏಕೆಂದರೆ ಅದು ಬಲವಿಜ್ಞಾನದ ತೊಂದರೆಯಲ್ಲ, ಕಣಗಳನ್ನು ಆರಿಸುವ ವಿಧಾನದ ತೊಂದರೆ. ಗೈಗರ್ ಮತ್ತು ಮಾರ್ಸ್‌ಡೆನ್ 1913ರಲ್ಲಿ ರುದರ್‌ಫೋರ್ಡ್ ಅವರ ಸೂತ್ರವನ್ನು ಪರೀಕ್ಷಿಸಿದಾಗ ಇಂಪ್ಯಾಕ್ಟ್ ಪ್ಯಾರಾಮೀಟರ್ ಅವರ ಕೈಯಲ್ಲಿರಲಿಲ್ಲ. ಕಣಗಳ ಧಾರೆ ಪ್ರತಿ ನ್ಯೂಕ್ಲಿಯಸ್ಸಿನ ಸುತ್ತಲಿನ ವಿಸ್ತೀರ್ಣದ ಮೇಲೆ ಸಮವಾಗಿ ಬೀಳುತ್ತಿತ್ತು. ಹೊರಗಿನ ಉಂಗುರ ದೊಡ್ಡದು, ಆದ್ದರಿಂದ ಅಲ್ಲಿ ಬೀಳುವ ಕಣಗಳೂ ಹೆಚ್ಚು. ನೀವು ದೂರವನ್ನು ಸಮವಾಗಿ ಹಂಚಿರುವುದರಿಂದ ನಡುವಿನ ಸಣ್ಣ ಉಂಗುರಗಳಿಗೂ ಹೊರಗಿನ ದೊಡ್ಡ ಉಂಗುರಗಳಿಗೂ ಒಂದೇ ಪಾಲು ಸಿಕ್ಕಿದೆ. ಹೀಗಾದಾಗ ಎಣಿಕೆ ಅರ್ಧಕೋನದ ಸೈನ್‌ನ ಘನಕ್ಕೂ ಅದೇ ಕೋನದ ಕೊಸೈನ್‌ಗೂ ವಿಲೋಮವಾಗಿ ಬದಲಾಗುತ್ತದೆ ಎಂದು ಸೂತ್ರದಿಂದಲೇ ತೋರಿಸಬಹುದು. −3ರ ಇಳಿಜಾರು ಸೈನ್‌ನ ಘನದಿಂದ ಬಂದದ್ದು, 180°ಯ ಬಳಿಯ ಏರಿಕೆ ಕೊಸೈನ್ ಸೊನ್ನೆಗೆ ಹೋಗುವುದರಿಂದ ಬಂದದ್ದು.

0 ಮತ್ತು 1ರ ನಡುವಿನ ಯಾದೃಚ್ಛಿಕ ಸಂಖ್ಯೆಯ ವರ್ಗಮೂಲವನ್ನು ತೆಗೆದು 200ರಿಂದ ಗುಣಿಸಿ. ಅದನ್ನೇ ಇಂಪ್ಯಾಕ್ಟ್ ಪ್ಯಾರಾಮೀಟರ್ ಆಗಿ ಬಳಸಿ. ಇಳಿಜಾರು −4ಕ್ಕೆ ಬರುತ್ತದೆ. ಆಗಲೂ 13°ಗಿಂತ ಕೆಳಗಿನ ಕೋನಗಳಲ್ಲಿ ಎಣಿಕೆ ಸೊನ್ನೆಯೇ ಇರುತ್ತದೆ, ಏಕೆಂದರೆ 200 ಫೆಮ್ಟೊಮೀಟರಿನಲ್ಲಿ ಬರುವ ಕಣ ಅಷ್ಟು ತಿರುಗಿಯೇ ತಿರುಗುತ್ತದೆ. ಅದನ್ನು ದೋಷವೆಂದು ಹುಡುಕಲು ಹೋಗಬೇಡಿ. ಆ ಮಿತಿಯನ್ನು ಹೆಚ್ಚಿಸುವುದಾದರೆ ಆರಂಭದ ದೂರವನ್ನೂ ಜೊತೆಗೇ ಹೆಚ್ಚಿಸಿ; 500 ಫೆಮ್ಟೊಮೀಟರ್ ಅಡ್ಡ ದೂರದ ಕಣವನ್ನು 500 ಫೆಮ್ಟೊಮೀಟರ್ ಹಿಂದಿನಿಂದ ಬಿಟ್ಟರೆ ಅದರ ತಿರುವಿನ ಒಂದು ಪಾಲು ಹೊರಡುವ ಮೊದಲೇ ಮುಗಿದಿರಬೇಕಾಗಿತ್ತು.