ಹೆಗಲು ಹಿಡಿದಿದೆ, ಎಣ್ಣೆ ನೀವಿ ಎಳೆಸಬಹುದಾ?

ಅಮ್ಮನಿಗೆ 56, ಶುಗರ್ ಇದೆ. ನಾಲ್ಕು ತಿಂಗಳಿಂದ ಎಡಗೈ ಮೇಲೆತ್ತಲು ಆಗುತ್ತಿಲ್ಲ. ಜಡೆ ಹಾಕಲು ನನ್ನನ್ನೇ ಕರೆಯುತ್ತಾರೆ. ರಾತ್ರಿ ಆ ಮಗ್ಗುಲಿಗೆ ತಿರುಗಿದರೆ ಎದ್ದು ಕೂರುತ್ತಾರೆ. ಎಕ್ಸ್‌ರೇ ಸರಿಯಾಗಿದೆ, ಫ್ರೋಜನ್ ಶೋಲ್ಡರ್ ಅಂದರು ಡಾಕ್ಟರು. ಪಕ್ಕದ ಮನೆಯವರು ಎಣ್ಣೆ ನೀವಿ ಎಳೆಸಿ ಅನ್ನುತ್ತಿದ್ದಾರೆ. ಅನುಭವ ಇದ್ದವರು ಹೇಳಿ.

ಉತ್ತರ 1
ಎಳೆಸಬೇಡಿ. ನಾನು ಎಳೆಸಿಕೊಂಡು ಅನುಭವಿಸಿದವಳು. ಆಗ ನನಗೆ 51, ಬಲಗೈ. ನೀವಿಸಿಕೊಂಡ ಮೇಲೆ ಎರಡು ರಾತ್ರಿ ಗೋಡೆಗೆ ಒರಗಿ ಕೂತೇ ಕಳೆದೆ.

ಆಮೇಲೆ ಫಿಸಿಯೋದವರು ಬಿಡಿಸಿ ಹೇಳಿದರು. ಕೀಲಿನ ಸುತ್ತ ಚೀಲದಂಥ ಪದರ ಇರುತ್ತದಲ್ಲ, ಅದು ಊದಿಕೊಂಡು, ದಪ್ಪಗಾಗಿ, ಬಿಗಿದುಕೊಳ್ಳುತ್ತದೆ. ಮೊದಲ ತಿಂಗಳುಗಳಲ್ಲಿ ನೋವು ಜಾಸ್ತಿ, ಆಗ ಎಳೆದರೆ ಕೆರಳುತ್ತದೆ. ನಂತರ ನೋವು ಇಳಿದು ಬಿಗಿತ ಉಳಿಯುತ್ತದೆ. ಅದೂ ನಿಧಾನವಾಗಿ ಸಡಿಲವಾಗುತ್ತದೆ. ಎಲ್ಲ ಸೇರಿ ಒಂದರಿಂದ ಮೂರು ವರ್ಷ! ನನಗೆ 20 ತಿಂಗಳು ಹಿಡಿಯಿತು.

ದಿನಾ ಮಾಡಿದ್ದು ಇಷ್ಟೇ. ಬಿಸಿನೀರಿನ ಬ್ಯಾಗ್ 15 ನಿಮಿಷ. ಆಮೇಲೆ ಚೆನ್ನಾಗಿರುವ ಕೈಯನ್ನು ಟೇಬಲ್ ಮೇಲೆ ಊರಿ, ಬಗ್ಗಿ, ನೋಯುವ ಕೈಯನ್ನು ಸುಮ್ನೆ ಜೋತುಬಿಟ್ಟು ತೂಗಾಡಿಸುವುದು. ನೋವು ಇಳಿದ ಮೇಲೆ ಗೋಡೆ ಹತ್ತಿಸುವುದು. ಅಡುಗೆಮನೆ ಬಾಗಿಲ ಪಕ್ಕ ಬೆರಳುಗಳನ್ನು ಇರುವೆ ಹಾಗೆ ಮೇಲಕ್ಕೆ ನಡೆಸುತ್ತಿದ್ದೆ. ಮುಟ್ಟಿದ ಕಡೆ ಪೆನ್ಸಿಲ್ ಗೆರೆ, ಪಕ್ಕದಲ್ಲಿ ತಾರೀಖು. ಮೂರು ವಾರ ಗೆರೆ ಮೇಲೆ ಗೆರೆ ಬಿತ್ತು, ಸ್ವಿಚ್ ಬೋರ್ಡ್ ದಾಟಲೇ ಇಲ್ಲ. ಐದನೇ ತಿಂಗಳಲ್ಲಿ ಕ್ಯಾಲೆಂಡರಿನ ಮೊಳೆ ಸಿಕ್ಕಿತು. ಆ ಗೋಡೆಗೆ ಬಣ್ಣ ಹೊಡೆಸಲು ನನಗಿನ್ನೂ ಮನಸ್ಸಿಲ್ಲ.

ಬೆನ್ನ ಹಿಂದೆ ಕೈ ಹೋಗಿದ್ದು ಎಲ್ಲಕ್ಕಿಂತ ಕೊನೆಗೆ. ಅಲ್ಲಿಯವರೆಗೆ ಬ್ರಾ ಹುಕ್ಕು ಮುಂದೆ ಹಾಕಿ ತಿರುಗಿಸಿಕೊಳ್ಳುತ್ತಿದ್ದೆ. ರವಿಕೆ ತೊಡುವಾಗ ನೋಯುವ ಕೈ ಮೊದಲು, ತೆಗೆಯುವಾಗ ಕೊನೆಗೆ. ಅಮ್ಮನಿಗೆ ಇದೊಂದನ್ನು ಇವತ್ತೇ ಹೇಳಿ.

ಉತ್ತರ 2
ನಾನೂ ಶುಗರ್ ಗಿರಾಕಿ. ನಿದ್ದೆಯೇ ಇಲ್ಲದಾಗ ಕೀಲಿನೊಳಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ವಾರದೊಳಗೆ ಮಲಗುವಂತಾಯಿತು. ಆದರೆ ನಾಲ್ಕೈದು ದಿನ ಶುಗರ್ ಏರಿತ್ತು, 140 ಇದ್ದದ್ದು 260. ಮೊದಲೇ ಎಚ್ಚರಿಸಿದ್ದರು, ಹಾಗಾಗಿ ಗಾಬರಿಯಾಗಲಿಲ್ಲ. ಹಾಕಿಸುವುದಾದರೆ ಮೊದಲು ಶುಗರ್ ಡಾಕ್ಟರಿಗೆ ತಿಳಿಸಿ. ಶುಗರ್ ಇರುವವರಿಗೆ ಇದು ಬರುವುದೂ ಜಾಸ್ತಿ, ಹಟ ಹಿಡಿದು ಕೂರುವುದೂ ಜಾಸ್ತಿ. ಥೈರಾಯ್ಡ್ ಕೂಡ ನೋಡಿಸಿಬಿಡಿ, ನನ್ನ ತಂಗಿಗೆ ಹೆಗಲು ಹಿಡಿದಾಗಲೇ ಅದು ಗೊತ್ತಾಗಿದ್ದು.

ಉತ್ತರ 3
ಅಮ್ಮನ ಕೈಯನ್ನು ನೀವು ಮೆಲ್ಲಗೆ ಎತ್ತಿದರೆ ಮೇಲೆ ಹೋಗುತ್ತದಾ? ಹೋದರೆ ಇದು ಬೇರೆ ತೊಂದರೆ ಇರಬಹುದು. ನಮ್ಮ ಮಾವ ಏಳು ತಿಂಗಳು ಗೋಡೆ ಹತ್ತಿಸಿದರು. ಸ್ಕ್ಯಾನ್ ಮಾಡಿಸಿದರೆ ಹೆಗಲಿನ ಸ್ನಾಯು ಹರಿದಿತ್ತು.

ಕೇಳಿದವರು
ಈಗಷ್ಟೇ ನೋಡಿದೆ. ನಾನು ಎತ್ತಿದರೂ ಹೋಗಲಿಲ್ಲ. ಮೊಣಕೈ ಪಕ್ಕೆಗೆ ಒತ್ತಿಕೊಂಡು ಮುಂಗೈ ಹೊರಕ್ಕೆ ತಿರುಗಿಸಿದರೂ ಅಷ್ಟೇ, ತುಕ್ಕು ಹಿಡಿದ ಚಿಲಕದ ಹಾಗೆ ಅರ್ಧಕ್ಕೇ ನಿಂತಿತು. ಹಾಗಾದರೆ ಡಾಕ್ಟರು ಹೇಳಿದ್ದೇ ಸರಿ ಅನ್ನಿಸುತ್ತದೆ. ಸೋಮವಾರ ಶುಗರ್, ಥೈರಾಯ್ಡ್ ಎರಡಕ್ಕೂ ರಕ್ತ ಕೊಡುತ್ತೇವೆ. ಎಣ್ಣೆ ನೀವುವವರಿಗೆ ಬರಬೇಡಿ ಅಂತ ಫೋನ್ ಮಾಡಿದ್ದೇನೆ. ಅಮ್ಮ ಆಗಲೇ ಪೆನ್ಸಿಲ್ ಹುಡುಕುತ್ತಿದ್ದಾರೆ.