ಲೇಹ್‌ಗೆ ನೇರ ವಿಮಾನ: ಡಯಾಮಾಕ್ಸ್ ಒಂದೇ ಸಾಕಾ?

ಪ್ರಶ್ನೆ: ಬೆಂಗಳೂರಿಂದ ದೆಹಲಿ, ಅಲ್ಲಿಂದ ಬೆಳಿಗ್ಗೆ ಲೇಹ್. ಮಾರನೇ ದಿನವೇ ಪ್ಯಾಂಗಾಂಗ್ ಸರೋವರ ಅಂತ ಟೂರಿನವರು ಹಾಕಿದ್ದಾರೆ. ಜೊತೆಗೆ 61 ವರ್ಷದ ಅಪ್ಪ ಇರ್ತಾರೆ. ಎತ್ತರದ ಜಾಗದಲ್ಲಿ ಆಕ್ಸಿಜನ್ ಕಡಿಮೆಯಾಗಿ ಬರೋ ಕಾಯಿಲೆ ತಡೆಯೋಕೆ ಡಯಾಮಾಕ್ಸ್ ಮಾತ್ರೆ ತಗೊಂಡ್ರೆ ಸಾಕಾ?

ಉತ್ತರ: ಸಾಲದು. ಮೊದಲು ಪ್ಲಾನ್ ಬದಲಾಯಿಸಿ. ಬೆಂಗಳೂರು ಇರೋದು ಸುಮಾರು 900 ಮೀಟರ್ ಎತ್ತರದಲ್ಲಿ, ಲೇಹ್ 3,500ರಲ್ಲಿ. ಲೆಕ್ಕಕ್ಕೆ ಬರೋದು ರಾತ್ರಿ ಮಲಗೋ ಎತ್ತರ. ಲೇಹ್‌ನಲ್ಲಿ ಕನಿಷ್ಠ ಎರಡು ರಾತ್ರಿ, ಅಪ್ಪನಿಗಾಗಿ ಮೂರು. ಮೊದಲ ದಿನ ರೂಮಲ್ಲೇ ಇರಲಿ, ಮೆಟ್ಟಿಲೂ ಹತ್ತೋದು ಬೇಡ. 4,250 ಮೀಟರಿನ ಪ್ಯಾಂಗಾಂಗ್ ಕೊನೆಗಿರಲಿ. ಅಲ್ಲಿ ಹುಷಾರು ತಪ್ಪಿದರೆ ಲೇಹ್‌ಗೆ ಇಳಿಯೋಕೆ ಮಾಮೂಲಿ ದಾರೀಲಿ ಮೊದಲು 5,300 ಮೀಟರ್ ದಾಟಿದ ಚಾಂಗ್ ಲಾ ಅನ್ನೋ ಬೆಟ್ಟದ ಘಾಟಿ ಹತ್ತಬೇಕು. ಅಪಾಯ ಇರೋದೇ ಇಲ್ಲಿ.

ಉತ್ತರ: ಡಯಾಮಾಕ್ಸ್ ಸಾಮಾನ್ಯವಾಗಿ 125 ಮಿ.ಗ್ರಾಂ, ಬೆಳಿಗ್ಗೆ-ರಾತ್ರಿ, ಹೊರಡೋ ಹಿಂದಿನ ದಿನದಿಂದ. ಅಂಗಡೀಲಿ ಸಿಗೋ 250ರ ಮಾತ್ರೆಯನ್ನ ಅರ್ಧ ಮುರೀಬೇಕು. ಸಲ್ಫಾ ಔಷಧಗಳ ಅಲರ್ಜಿ, ಕಿಡ್ನಿ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಅಪ್ಪನ ಬಿಪಿ ಮಾತ್ರೆ ಚೀಟಿಯನ್ನೂ ತೋರಿಸಿ. ಬೆರಳ ತುದಿ ಜುಮ್ಮೆನ್ನೋದು, ಸೋಡಾ ಸಪ್ಪೆ ಅನ್ನಿಸೋದು ಔಷಧದ ಗುಣ, ಗಾಬರಿ ಬೇಡ.

ಉತ್ತರ: ತಲೆನೋವು, ವಾಕರಿಕೆ ಇದ್ದರೆ ಅದು ಹೋಗೋವರೆಗೂ ಮೇಲೆ ಹತ್ತಲೇಬೇಡಿ. ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನೇರ ಗೆರೆಯಲ್ಲಿ ನಡೆಸಿ ನೋಡಿ. ತೂರಾಡಿದರೆ ಮಿದುಳು ಊದಿಕೊಳ್ತಿದೆ ಅಂತಲೇ ತಿಳೀರಿ. ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಬಂದರೆ ಶ್ವಾಸಕೋಶಕ್ಕೆ ನೀರು ಸೇರ್ತಿರಬಹುದು. ಎರಡಕ್ಕೂ ತಕ್ಷಣ ಆಕ್ಸಿಜನ್, ಆಸ್ಪತ್ರೆ, ಕೆಳಗಿಳಿಯೋದು. ಬೆಳಗಾಗಲಿ ಅಂತ ಕಾಯಬೇಡಿ. ನಿದ್ದೆ ಮಾತ್ರೆಯನ್ನಂತೂ ಕೊಡಲೇಬೇಡಿ, ಉಸಿರು ಇನ್ನೂ ಕುಗ್ಗುತ್ತೆ.