ಡಿಸಿಎಸ್ ಹಾರ್ನೆಟ್: ಇಳಿಯುವಾಗ ವೇಗ, ಎತ್ತರ ಎರಡೂ ಹಿಡಿತಕ್ಕೆ ಸಿಗ್ತಿಲ್ಲ, ಎಲ್ಲಿಂದ ಕಲಿಯಬೇಕು?

ಹೊಸಹಾರ್ನೆಟ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಡಿಸಿಎಸ್ ವರ್ಲ್ಡ್ ಅನ್ನೋ ವಿಮಾನ ಸಿಮ್ಯುಲೇಟರ್ ಆಟದಲ್ಲಿ ಎಫ್/ಎ-18ಸಿ ಹಾರ್ನೆಟ್ ಯುದ್ಧವಿಮಾನದ 14 ದಿನದ ಉಚಿತ ಟ್ರಯಲ್ ನಡೀತಿದೆ. ಸ್ಟಿಕ್ ಥ್ರಸ್ಟ್‌ಮಾಸ್ಟರ್ ಟಿ.16000ಎಂ, ಜೊತೆಗೆ ಟಿಡಬ್ಲ್ಯುಸಿಎಸ್ ಥ್ರಾಟಲ್ (ಎಂಜಿನ್ ಬಲ ಏರಿಳಿಸುವ ಹಿಡಿ). ಪೆಡಲ್ ಇಲ್ಲ. ಕಾಕಸಸ್ ಮ್ಯಾಪ್, ಕೊಬುಲೆಟಿ ಏರ್‌ಫೀಲ್ಡ್.

ತೊಂದರೆ ಇಷ್ಟು. ಸ್ಟಿಕ್ ಮುಟ್ಟದಿದ್ದರೂ ವಿಮಾನ ಒಂದು ಕಡೆಗೆ ವಾಲುತ್ತೆ, ಥ್ರಾಟಲ್ ಸರಿಸಿದರೆ ಮೂಗು ಕೂಡ ಅಲ್ಲಾಡುತ್ತೆ. ಗೇರ್ (ಚಕ್ರಗಳು), ಫ್ಲಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಇಳಿಸಿದ ಕೂಡಲೇ ವಿಮಾನ ಮೇಲಕ್ಕೆ ಉಬ್ಬಿ ಆಮೇಲೆ ಕುಸಿಯುತ್ತೆ, ರನ್‌ವೇ ಹತ್ತಿರ ಬರುವಾಗ ವೇಗ ಇನ್ನೂ 180 ನಾಟ್ ಇರುತ್ತೆ. ಡಾಗ್‌ಫೈಟ್‌ನಲ್ಲಿ (ವಿಮಾನಗಳ ಹತ್ತಿರದ ಕಾಳಗ) ಎರಡು ಸುತ್ತು ತಿರುಗಿದರೆ ವೇಗವೆಲ್ಲ ಖಾಲಿ. ಇದನ್ನು ಬಿಟ್ಟು ಮೊದಲು ಉಚಿತವಾಗಿ ಬರುವ ಸು-25ಟಿ ಕಲಿಯಬೇಕಾ? ಯಾವ ಕ್ರಮದಲ್ಲಿ ಕಲಿಯಬೇಕು ಅಂತ ದಯವಿಟ್ಟು ಹೇಳಿ.

ಥ್ರಾಟಲ್_ಕೈ ಬರೆದದ್ದು:

ಮೊದಲನೆಯ ತೊಂದರೆ ಹಾರಾಟದ್ದಲ್ಲ, ಸೆಟ್ಟಿಂಗ್‌ನದು. ಡಿಸಿಎಸ್ ಹೊಸ ಸಾಧನ ಕಂಡ ತಕ್ಷಣ ಅದರ ಆಕ್ಸಿಸ್‌ಗಳನ್ನು (ಸರಿಸಿದಷ್ಟೂ ಬದಲಾಗುವ ನಿಯಂತ್ರಣಗಳು) ತಾನೇ ಪಿಚ್ (ಮೂಗು ಮೇಲೆ ಕೆಳಗೆ), ರೋಲ್‌ಗೆ (ಎಡ ಬಲಕ್ಕೆ ವಾಲುವುದು) ಜೋಡಿಸಿಬಿಡುತ್ತೆ. ನಿಮ್ಮಲ್ಲಿ ಎರಡು ಸಾಧನ ಇವೆ. ಹಾಗಾಗಿ ಸ್ಟಿಕ್ಕೂ ಪಿಚ್‌ಗೆ, ಥ್ರಾಟಲ್‌ನ ಯಾವುದೋ ಆಕ್ಸಿಸ್ಸೂ ಪಿಚ್‌ಗೆ. ಎರಡೂ ಜಗಳಾಡುತ್ತಿವೆ.

ಆಪ್ಷನ್ಸ್‌ನಲ್ಲಿ ಕಂಟ್ರೋಲ್ಸ್ ತೆಗೆದು, ಎಡಗಡೆ ವಿಮಾನ ಹಾರ್ನೆಟ್ ಇದೆಯಾ ನೋಡಿ, ಪಕ್ಕದ ಪಟ್ಟಿಯಲ್ಲಿ ಆಕ್ಸಿಸ್ ಕಮಾಂಡ್ಸ್ ಆರಿಸಿ. ಪ್ರತಿ ಸಾಧನಕ್ಕೂ ಒಂದೊಂದು ಕಾಲಂ ಕಾಣುತ್ತೆ. ಥ್ರಾಟಲ್ ಕಾಲಂನ ತಲೆಬರಹ ಒತ್ತಿ ಆ ವಿಭಾಗವನ್ನೆಲ್ಲ ಕ್ಲಿಯರ್ ಮಾಡಿ, ಸ್ಟಿಕ್ ಕಾಲಮ್ಮಿಗೂ ಹಾಗೇ ಮಾಡಿ. ಮೌಸ್ ಕಾಲಂ ಮಾತ್ರ ಮುಟ್ಟಬೇಡಿ, ತಲೆ ತಿರುಗಿಸಿ ನೋಡುವ ವ್ಯವಸ್ಥೆ ಅದರಲ್ಲಿದೆ. ಆಮೇಲೆ ನಾಲ್ಕೇ ನಾಲ್ಕು ಜೋಡಿಸಿ: ಪಿಚ್, ರೋಲ್, ರಡ್ಡರ್ (ಮೂಗನ್ನು ಎಡ ಬಲಕ್ಕೆ ತಿರುಗಿಸುವುದು), ಥ್ರಸ್ಟ್ (ಎಂಜಿನ್ ಬಲ). ರಡ್ಡರ್‌ಗೆ ಸ್ಟಿಕ್‌ನ ತಿರುಚು ಸಾಕು. ಟಿಡಬ್ಲ್ಯುಸಿಎಸ್‌ನ ಮುಂದಿರುವ ರಾಕರ್ ಇಷ್ಟವಾದರೆ ಅದನ್ನು ಕೊಡಿ, ಆದರೆ ಎರಡನ್ನೂ ಒಟ್ಟಿಗೆ ಬೇಡ.

ನಂತರ ಆಕ್ಸಿಸ್ ಟ್ಯೂನ್. ಪಿಚ್, ರೋಲ್‌ಗೆ ಡೆಡ್‌ಝೋನ್ (ನಡುವೆ ಅಲ್ಲಾಡಿಸಿದರೂ ಲೆಕ್ಕಕ್ಕೆ ಬಾರದ ಜಾಗ) 2, ಕರ್ವೇಚರ್ (ನಡುವೆ ಮಂದ ಮಾಡುವ ಕರ್ವ್) 15ರಷ್ಟು ಇಡಿ. ತಿರುಚಿಗೆ ಡೆಡ್‌ಝೋನ್ 6 ಬೇಕು, ಇಲ್ಲದಿದ್ದರೆ ಸ್ಟಿಕ್ ಪಕ್ಕಕ್ಕೆ ತಳ್ಳುವಾಗ ಅರಿವಿಲ್ಲದೆ ರಡ್ಡರ್ ಬೀಳುತ್ತೆ. ಥ್ರಾಟಲ್‌ಗೆ ಕರ್ವ್ ಹಾಕಲೇಬೇಡಿ. ಇಳಿಯುವಾಗ ಸಣ್ಣ ಸಣ್ಣ ತಿದ್ದುಪಡಿ ಎಲ್ಲ ಅದರಲ್ಲೇ ಆಗಬೇಕು, ನಡುವೆ ಮಂದ, ತುದಿಯಲ್ಲಿ ಚುರುಕು ಆದರೆ ಕೈಗೆ ಅಂದಾಜು ಸಿಗುವುದಿಲ್ಲ. ಥ್ರಾಟಲ್ ಹಿಂದೆ ಎಳೆದರೆ ಆಫ್ಟರ್‌ಬರ್ನರ್ (ಹೆಚ್ಚುವರಿ ಇಂಧನ ಸುಟ್ಟು ಬಲ ಕೊಡುವ ವ್ಯವಸ್ಥೆ) ಹೊತ್ತಿಕೊಂಡರೆ ಇನ್‌ವರ್ಟ್ ಗುರುತು ಹಾಕಿ.

ಎಲ್ಲ ಆದ ಮೇಲೆ ಕಾಕ್‌ಪಿಟ್‌ನಲ್ಲಿ ಬಲಗಡೆಯ ಕಂಟ್ರೋಲ್ ಮತ್ತು ಎಂಟರ್ ಒತ್ತಿ. ಮೂಲೆಯಲ್ಲಿ ಪುಟ್ಟ ಚೌಕ ಬರುತ್ತೆ, ಸ್ಟಿಕ್ ಎಲ್ಲಿದೆ ಅಂತ ತೋರಿಸುತ್ತೆ. ಕೈ ಬಿಟ್ಟಾಗ ಗುರುತು ಸರಿಯಾಗಿ ನಡುವೆ ನಿಲ್ಲಬೇಕು, ಥ್ರಾಟಲ್ ಆಡಿಸಿದಾಗ ಅಲ್ಲಾಡಬಾರದು. ಅದು ನಿಂತಿದ್ದೂ ವಿಮಾನ ವಾಲಿದರೆ ಆಗ ಮಾತ್ರ ಹೊರೆಯ ಕಡೆ ನೋಡಿ: ಒಂದೇ ರೆಕ್ಕೆಯ ಬಾಂಬ್ ಬಿಟ್ಟಿದ್ದರೆ ಇನ್ನೊಂದು ಕಡೆಗೆ ವಾಲುವುದು ಸಹಜ, ಅದಕ್ಕೆ ರೋಲ್ ಟ್ರಿಮ್ (ಸ್ಟಿಕ್ ಒತ್ತಿ ಹಿಡಿಯದೆಯೇ ಉಳಿಯುವ ತಿದ್ದುಪಡಿ) ಕೊಡಬೇಕು.

ಈ_ಬ್ರಾಕೆಟ್ ಬರೆದದ್ದು:

ಇಳಿಯುವ ವಿಚಾರ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ. ಹಾರ್ನೆಟ್‌ನಲ್ಲಿ ಕಲಿಯಬೇಕಾದ ಮೊದಲ ವಿದ್ಯೆಯೇ ಅದು. ಕ್ಷಿಪಣಿ, ರೇಡಾರ್ ಎಲ್ಲ ಆಮೇಲೆ.

ಫ್ಲಾಪ್ ಸ್ವಿಚ್ ಆಟೋದಲ್ಲಿರುವಾಗ ಹಾರ್ನೆಟ್‌ನ ಕಂಪ್ಯೂಟರ್ ನೀವು ಕೈ ಬಿಟ್ಟರೆ 1 ಜಿಯಲ್ಲಿ (ಮಾಮೂಲಿ ಗುರುತ್ವದ ಒತ್ತಡ) ನೇರ ಹಾರಿಸುತ್ತೆ. ಟ್ರಿಮ್ ಬೇಕಾಗುವುದೇ ಕಡಿಮೆ. ಗೇರ್ ಇಳಿಸಿ ಫ್ಲಾಪ್ ಹಾಫ್ ಅಥವಾ ಫುಲ್‌ಗೆ ಹಾಕಿದ ಕ್ಷಣ ನಿಯಮ ಬದಲಾಗುತ್ತೆ. ಆಗ ಕಂಪ್ಯೂಟರ್ ಹಿಡಿದಿಡುವುದು ಆ್ಯಂಗಲ್ ಆಫ್ ಅಟ್ಯಾಕ್ ಅನ್ನು, ಅಂದರೆ ರೆಕ್ಕೆಗೆ ಗಾಳಿ ತಾಕುವ ಕೋನವನ್ನು. ಎಷ್ಟು ಕೋನ ಅಂತ ಹೇಳುವುದು ನಿಮ್ಮ ಟ್ರಿಮ್. ನೀವು ಟ್ರಿಮ್ ಕೊಟ್ಟಿಲ್ಲ, ಅದಕ್ಕೇ ಮೊದಲು ಫ್ಲಾಪ್‌ನ ಹೆಚ್ಚುವರಿ ಲಿಫ್ಟ್‌ನಿಂದ ಉಬ್ಬುತ್ತೆ, ಆಮೇಲೆ ವೇಗ ಇಳಿದಂತೆ ಮೂಗು ಬೀಳುತ್ತೆ, ಬಿದ್ದ ಮೂಗು ಮತ್ತೆ ವೇಗ ಏರಿಸುತ್ತೆ. 180 ನಾಟ್ ಬರುವುದು ಹೀಗೆ.

ಬೇಕಾದ ಕೋನ 8.1 ಡಿಗ್ರಿ. ಇದೇ ಆನ್‌ಸ್ಪೀಡ್. ವೇಗದ ಅಂಕಿ ನೋಡಿ ಇಳಿಯಬೇಡಿ, ಅದು ತೂಕಕ್ಕೆ ತಕ್ಕಂತೆ ಬದಲಾಗುತ್ತೆ. ಕೋನ ಬದಲಾಗಲ್ಲ.

ಇದನ್ನು ರನ್‌ವೇ ಹತ್ತಿರ ಅಲ್ಲ, 5,000 ಅಡಿಯಲ್ಲಿ ಬಯಲಿನ ಮೇಲೆ ಕಲಿಯಿರಿ. ಥ್ರಾಟಲ್ ಹಿಂದೆಳೆದು 250 ನಾಟ್‌ಗಿಂತ ಕೆಳಗೆ ಬನ್ನಿ. ಅದಕ್ಕಿಂತ ಮೇಲಿದ್ದಾಗ ಫ್ಲಾಪ್ ಇಳಿಸಲು ಹೋದರೆ ಫ್ಲಾಪ್‌ನ ಹಳದಿ ದೀಪ ಹತ್ತುತ್ತೆ, ಗೇರ್‌ಗೂ ಅದೇ ಮಿತಿ. ಗೇರ್ ಕೆಳಗೆ, ಫ್ಲಾಪ್ ಫುಲ್. ಉಬ್ಬುವಾಗ ಸ್ಟಿಕ್ ಮುಂದಕ್ಕೆ ತಳ್ಳಿ ಎತ್ತರ ಹಿಡಿಯಿರಿ. ವೇಗ ಇಳಿಯುತ್ತಿದ್ದಂತೆ ಟ್ರಿಮ್ ಹ್ಯಾಟನ್ನು ಹಿಂದಕ್ಕೆ ಚಿಕ್ಕ ಚಿಕ್ಕದಾಗಿ ಒತ್ತುತ್ತಾ ಹೋಗಿ. ಹಡ್‌ನಲ್ಲಿ (ಕಣ್ಣೆದುರಿನ ಗಾಜಿನ ಮೇಲೆ ಮಾಹಿತಿ ತೋರಿಸುವ ಪರದೆ) ಇಂಗ್ಲಿಷಿನ ಇ ಆಕಾರದ ಬ್ರಾಕೆಟ್ ಕಾಣುತ್ತೆ, ವೆಲಾಸಿಟಿ ವೆಕ್ಟರ್ (ವಿಮಾನ ಸಾಗುತ್ತಿರುವ ದಿಕ್ಕು ತೋರಿಸುವ, ರೆಕ್ಕೆ ಇರುವ ಪುಟ್ಟ ವೃತ್ತ) ಅದರ ನಟ್ಟ ನಡುವಿನ ಗೀಟಿಗೆ ಬರಬೇಕು. ಹಡ್‌ನ ಎಡಕ್ಕಿರುವ ಇಂಡೆಕ್ಸರ್‌ನಲ್ಲಿ (ಕೋನ ತೋರಿಸುವ ಮೂರು ದೀಪ) ನಡುವಿನ ಹಳದಿ ವೃತ್ತ ಹತ್ತಿದರೆ ಸರಿ. ಮೇಲಿನ ಹಸಿರು ಬಾಣ ಅಂದರೆ ವೇಗ ಸಾಲದು, ಕೆಳಗಿನ ಕೆಂಪು ಬಾಣ ಅಂದರೆ ಹೆಚ್ಚಾಯಿತು.

ಅಲ್ಲಿಗೆ ಬಂದ ಮೇಲೆ ಸ್ಟಿಕ್‌ನಿಂದ ಕೈ ತೆಗೆದುಬಿಡಿ, ನಿಜವಾಗಿಯೂ. ಈಗ ಥ್ರಾಟಲ್ ಸ್ವಲ್ಪ ಏರಿಸಿ: ವೇಗ ಹೆಚ್ಚುವ ಬದಲು ವೆಲಾಸಿಟಿ ವೆಕ್ಟರ್ ಮೇಲೇರುತ್ತೆ. ಇಳಿಸಿ: ಅದು ಕೆಳಗಿಳಿಯುತ್ತೆ. ಕೋನ 8.1ರಲ್ಲೇ ನಿಂತಿರುತ್ತೆ. ಇದು ಕಣ್ಣಿಗೆ ಕಂಡ ದಿನ ಹಾರ್ನೆಟ್ ಅರ್ಥವಾಯಿತು ಅಂತಲೇ ಲೆಕ್ಕ. ಇಳಿಯುವಾಗ ಎತ್ತರಕ್ಕೆ ಥ್ರಾಟಲ್, ಸ್ಟಿಕ್ ಬರೀ ಎಡ ಬಲಕ್ಕೆ.

ಈಗ ರನ್‌ವೇ. ಸುತ್ತು ಹೊಡೆದು ಬರುವುದು ಬೇಡ, ಹತ್ತು ಮೈಲಿ ದೂರದಿಂದ ನೇರ ಬನ್ನಿ. ಮೂರು ಡಿಗ್ರಿ ಇಳಿಜಾರಿಗೆ ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ ಲೆಕ್ಕ. ಐದು ಮೈಲಿಯಲ್ಲಿ 1,500 ಅಡಿ, ಎರಡು ಮೈಲಿಯಲ್ಲಿ 600 ಅಡಿ. ಏಳು ಮೈಲಿಗೆ ಬರುವಷ್ಟರಲ್ಲಿ ಗೇರ್, ಫ್ಲಾಪ್, ಟ್ರಿಮ್ ಎಲ್ಲ ಮುಗಿದಿರಲಿ. ವೆಲಾಸಿಟಿ ವೆಕ್ಟರ್ ಅನ್ನು ರನ್‌ವೇ ಆರಂಭದ ಮೇಲೆ ಇಟ್ಟಾಗ ಅದು ಹಡ್ ಏಣಿಯಲ್ಲಿ ಮೈನಸ್ ಮೂರರ ಹತ್ತಿರ ಇರಬೇಕು. 140 ನಾಟ್‌ನಲ್ಲಿ ನಿಮಿಷಕ್ಕೆ ಸುಮಾರು 700 ಅಡಿ ಇಳಿಯುತ್ತೀರಿ.

ಥ್ರಾಟಲ್ ತಿದ್ದುಪಡಿ ಜೋಡಿಯಾಗಿ ಬರಬೇಕು. ಕೆಳಗೆ ಹೋದಿರಾ? ಏರಿಸಿ, ಮೇಲೆ ಬರುವ ಮೊದಲೇ ಅರ್ಧದಷ್ಟು ವಾಪಸ್ ತೆಗೆಯಿರಿ. ಎಂಜಿನ್ ಪ್ರತಿಕ್ರಿಯೆ ಒಂದೆರಡು ಕ್ಷಣ ತಡ, ಅದನ್ನು ಕಾದು ಕೂತರೆ ಅಲೆಯಂತೆ ಮೇಲೆ ಕೆಳಗೆ ಆಗುತ್ತಲೇ ಇರುತ್ತೆ. ಪೂರ್ತಿ ಐಡಲ್‌ಗೆ (ಎಂಜಿನ್‌ನ ಅತಿ ಕಡಿಮೆ ಬಲ) ಮಾತ್ರ ಎಳೆಯಬೇಡಿ, ಅಲ್ಲಿಂದ ಎಂಜಿನ್ ಎದ್ದು ಬರಲು ತುಂಬ ಹೊತ್ತು ಬೇಕು.

ನೆಲ ಹತ್ತಿರ ಬಂದಾಗ ಮೂಗು ಎತ್ತಬೇಡಿ. ಹಾರ್ನೆಟ್ ಹಡಗಿನ ಮೇಲೆ ಇಳಿಯಲು ಕಟ್ಟಿದ ವಿಮಾನ, ಅದರ ಗೇರ್ ಈ ಪೆಟ್ಟಿಗೇ ತಯಾರಾಗಿದೆ. ಮೂಗೆತ್ತಿದರೆ ತೇಲಿ ಅರ್ಧ ರನ್‌ವೇ ಹೋಗುತ್ತೆ. ಚಕ್ರ ಮುಟ್ಟಿದ ಮೇಲೆ ಐಡಲ್. 100 ನಾಟ್‌ಗೆ ಇಳಿದ ಮೇಲೆ ಬ್ರೇಕ್. ನೋಸ್‌ವೀಲ್ ಸ್ಟೀರಿಂಗನ್ನು ಹೈಗೆ ಹಾಕುವುದು ಟ್ಯಾಕ್ಸಿ ವೇಗಕ್ಕೆ ಬಂದ ಮೇಲೇ, ಓಡುವಾಗ ಹಾಕಿದರೆ ಪಲ್ಟಿ.

ಹೊಸಹಾರ್ನೆಟ್:

ಬ್ರಾಕೆಟ್ ಸರ್, ಧನ್ಯವಾದ. ಆನ್‌ಸ್ಪೀಡ್‌ನಲ್ಲಿ ಹಳದಿ ವೃತ್ತ ಹತ್ತಿದಾಗ ವೇಗ 158 ನಾಟ್ ತೋರಿಸ್ತಿದೆ. ಇದು ಸರಿನಾ? ಆಟೋ ಥ್ರಾಟಲ್ ಬಳಸಬಹುದಾ?

ಈ_ಬ್ರಾಕೆಟ್:

ಕೋನ ಸರಿ, ತೂಕ ಹೆಚ್ಚು. ಬಾಂಬ್, ತುಂಬಿದ ಟ್ಯಾಂಕ್ ಇಟ್ಟುಕೊಂಡು ಇಳಿಯುತ್ತಿದ್ದೀರಿ ಅನಿಸುತ್ತೆ. ಡಿಡಿಐ ಪರದೆಯಲ್ಲಿ ಸಪೋರ್ಟ್ ಮೆನುವಿನ ಚೆಕ್‌ಲಿಸ್ಟ್ ಪುಟ ತೆಗೆಯಿರಿ, ವಿಮಾನದ ಈಗಿನ ತೂಕ ಅಲ್ಲೇ ಇದೆ. ಹಡಗಿನ ಮೇಲೆ ಇಳಿಯಲು ಮಿತಿ 34,000 ಪೌಂಡ್. ನೆಲದಲ್ಲೂ ಕಲಿಯುವಾಗ ಅದಕ್ಕಿಂತ ಕೆಳಗೇ ಇರಲಿ, ಆಗ ವೇಗ ತಾನಾಗಿ 130ರಿಂದ 145ರೊಳಗೆ ಬರುತ್ತೆ. ಒಳಗಿನ ಟ್ಯಾಂಕ್‌ಗೆ ಸುಮಾರು 10,800 ಪೌಂಡ್ ಇಂಧನ ಹಿಡಿಯುತ್ತೆ, ಅಭ್ಯಾಸಕ್ಕೆ ಮಿಷನ್ ಎಡಿಟರ್‌ನಲ್ಲಿ ಅರ್ಧ ಹಾಕಿ, ಹೊರಗಿನದೆಲ್ಲ ತೆಗೆದುಬಿಡಿ.

ಆಟೋ ಥ್ರಾಟಲ್ ಇಳಿಯುವಾಗ ಆನ್‌ಸ್ಪೀಡ್ ಕೋನ ಹಿಡಿಯುತ್ತೆ, ಚೆನ್ನಾಗಿಯೇ ಹಿಡಿಯುತ್ತೆ. ಆದರೂ ಈಗ ಬೇಡ. ಥ್ರಾಟಲ್‌ನಿಂದ ಎತ್ತರ ಹಿಡಿಯುವುದು ಕೈಗೆ ಹತ್ತುವ ಮೊದಲೇ ಅದನ್ನು ಹಚ್ಚಿದರೆ, ಅದು ಕಳಚಿಕೊಂಡಾಗ ಕೈಗೆ ಏನೂ ತೋಚುವುದಿಲ್ಲ. ಥ್ರಾಟಲ್ ಸ್ವಲ್ಪ ಸರಿದರೂ ಅದು ಕಳಚಿಕೊಳ್ಳುತ್ತೆ.

ಮರ್ಜ್_400 ಬರೆದದ್ದು:

ಡಾಗ್‌ಫೈಟ್ ಬಗ್ಗೆ. ಸ್ಟಿಕ್ ಪೂರ್ತಿ ಹೊಟ್ಟೆಗೆ ಎಳೆಯುತ್ತಿದ್ದೀರಿ, ಕಾರಣ ಅಷ್ಟೇ. ಹಾರ್ನೆಟ್‌ನ ಕಂಪ್ಯೂಟರ್ 7.5 ಜಿಗೆ ತಡೆಯುತ್ತೆ, ತೂಕ ಹೆಚ್ಚಿದ್ದರೆ ಇನ್ನೂ ಮೊದಲೇ. ಅಷ್ಟು ಜಿ ಎಳೆಯುತ್ತಾ ವೇಗ ಉಳಿಸುವಷ್ಟು ಬಲ ಎಂಜಿನ್‌ಗಿಲ್ಲ, ಡ್ರ್ಯಾಗ್ (ಗಾಳಿಯ ಎಳೆತ) ವೇಗವನ್ನು ತಿಂದುಹಾಕುತ್ತೆ. ಸ್ಟಿಕ್ ಕೆಳಗಿನ ಪ್ಯಾಡಲ್ ಸ್ವಿಚ್ ಒತ್ತಿ ಮಿತಿ ದಾಟಬಹುದು ಅಂತ ಎಲ್ಲರೂ ಹೇಳ್ತಾರೆ. ಈಗ ಅದರ ತಂಟೆಗೆ ಹೋಗಬೇಡಿ, ತೊಂದರೆ ಇನ್ನೂ ಹೆಚ್ಚುತ್ತೆ.

ಶತ್ರು ಇಲ್ಲದೆ ಒಂದು ಅಭ್ಯಾಸ ಮಾಡಿ. 15,000 ಅಡಿ, 400 ನಾಟ್, ಪೂರ್ತಿ ಆಫ್ಟರ್‌ಬರ್ನರ್, ಹೊರಗೆ ಟ್ಯಾಂಕ್ ಇರಬಾರದು. ಎತ್ತರ ಬದಲಾಗದಂತೆ ಒಂದು ಪೂರ್ತಿ ಸುತ್ತು. ಎಷ್ಟು ಜಿ ಎಳೆದರೆ ವೇಗ ಇಳಿಯುವುದಿಲ್ಲ ಅಂತ ಹಡ್‌ನಲ್ಲಿ ನೋಡಿ ನೆನಪಿಡಿ. ಅದನ್ನೇ ಮತ್ತೆ 10,000 ಅಡಿಯಲ್ಲಿ ಮಾಡಿ, ದಟ್ಟ ಗಾಳಿಯಲ್ಲಿ ಎಂಜಿನ್‌ಗೆ ಬಲ ಹೆಚ್ಚು, ಇನ್ನಷ್ಟು ಎಳೆಯಬಹುದು. ಜಗಳದಲ್ಲಿ ಅದಕ್ಕಿಂತ ಹೆಚ್ಚು ಎಳೆಯುವುದು ಗುಂಡು ಹೊಡೆಯುವ ಅವಕಾಶ ಎದುರಿಗಿದ್ದಾಗ ಮಾತ್ರ. ವೇಗ ಕಳೆದರೆ ಮೂಗನ್ನು ಹತ್ತಿಪ್ಪತ್ತು ಡಿಗ್ರಿ ಕೆಳಗೆ ಇಟ್ಟು ತಿರುಗಿ, ಎತ್ತರ ಕೊಟ್ಟು ವೇಗ ಕೊಂಡುಕೊಳ್ಳಿ.

ಎದುರಾಳಿಯನ್ನು ಎಡಿಟರ್‌ನಲ್ಲಿ ಇಡುವಾಗ ಕ್ಷಿಪಣಿ ತೆಗೆದು, ಕೌಶಲ ಅತಿ ಕಡಿಮೆಗೆ ಇಡಿ. ವೆಪನ್ ಸೆಲೆಕ್ಟ್ ಸ್ವಿಚ್ ಹಿಂದಕ್ಕೆ ಒತ್ತಿದರೆ ಗನ್ ಬರುತ್ತೆ, ಜೊತೆಗೆ ರೇಡಾರ್ ತಾನೇ ಹತ್ತಿರದ ವಿಮಾನವನ್ನು ಹುಡುಕುವ ಮೋಡ್‌ಗೆ ಹೋಗುತ್ತೆ, ಐದು ಮೈಲಿಯೊಳಗೆ ಲಾಕ್ ಮಾಡುತ್ತೆ. ಮಾಸ್ಟರ್ ಆರ್ಮ್ (ಆಯುಧಗಳ ಮುಖ್ಯ ಸ್ವಿಚ್) ಹಾಕಲು ಮರೆಯಬೇಡಿ. ಗುಂಡು 578 ಅಷ್ಟೇ, ಟ್ರಿಗರ್ ಚಿಕ್ಕದಾಗಿ ಒತ್ತಿ.

ಫ್ಲೇರ್ (ಶಾಖ ಹಿಂಬಾಲಿಸುವ ಕ್ಷಿಪಣಿಯ ದಾರಿ ತಪ್ಪಿಸುವ ಉರಿಯುವ ಬತ್ತಿ) ಬರದಿದ್ದರೆ ಡಿಸ್ಪೆನ್ಸರ್ ಸ್ವಿಚ್ ಆಫ್ ಇರುತ್ತೆ, ತಣ್ಣಗಿನ ಎಂಜಿನ್‌ನಿಂದ ಶುರು ಮಾಡಿದಾಗ ನೀವೇ ಆನ್ ಮಾಡಬೇಕು. ಫ್ಲೇರ್ ಬಿಡುವಾಗ ಆಫ್ಟರ್‌ಬರ್ನರ್ ತೆಗೆಯಿರಿ. ನಿಮ್ಮ ಎಂಜಿನ್ನೇ ಹೆಚ್ಚು ಬಿಸಿ ಇದ್ದರೆ ಕ್ಷಿಪಣಿ ಫ್ಲೇರ್ ಕಡೆ ತಿರುಗುವುದಿಲ್ಲ.

ಇನ್ನೊಂದು ಮುಖ್ಯ ಮಾತು: ಸೋಲುವುದು ಹೆಚ್ಚಾಗಿ ಎದುರಾಳಿ ಕಣ್ತಪ್ಪಿದ್ದಕ್ಕೆ. ಹ್ಯಾಟ್ ಒತ್ತಿ ತಲೆ ತಿರುಗಿಸುತ್ತಾ ಜಗಳ ಗೆಲ್ಲುವುದು ಕಷ್ಟ. ವೆಬ್‌ಕ್ಯಾಮ್ ಇದ್ದರೆ ಓಪನ್‌ಟ್ರ್ಯಾಕ್ ತಂತ್ರಾಂಶ ಹಾಕಿ ಅದರಲ್ಲಿ ನ್ಯೂರಲ್‌ನೆಟ್ ಟ್ರ್ಯಾಕರ್ ಆರಿಸಿ, ಖರ್ಚಿಲ್ಲದೆ ತಲೆಯ ಚಲನೆ ಸಿಗುತ್ತೆ. ಎದುರಿನಿಂದ ಬೆಳಕು ಬೀಳುವಂತೆ ಕೂತರೆ ನಡುಕ ಕಡಿಮೆ.

ಬಾನಾಡಿ ಬರೆದದ್ದು:

ಸು-25ಟಿ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನನ್ನ ಅಭಿಪ್ರಾಯ: ಬೇಡ. ಅದು ನೆಲದ ಗುರಿಗೆ ಕಟ್ಟಿದ ಭಾರದ ವಿಮಾನ, ಗಾಳಿಯಲ್ಲಿ ಹುಡುಕುವ ರೇಡಾರ್ ಇಲ್ಲ, ಕಾಕ್‌ಪಿಟ್‌ನ ಸ್ವಿಚ್‌ಗಳನ್ನು ಮೌಸ್‌ನಿಂದ ಒತ್ತಲೂ ಆಗುವುದಿಲ್ಲ. ಅಲ್ಲಿ ಕಲಿತದ್ದು ಹಾರ್ನೆಟ್‌ಗೆ ಅಷ್ಟಾಗಿ ಬರುವುದಿಲ್ಲ. ಟ್ರಯಲ್ ಮುಗಿದ ಮೇಲೆ ಉಚಿತದ್ದೇ ಬೇಕು ಅಂದರೆ ಟಿಎಫ್-51ಡಿ ಮಸ್ಟ್ಯಾಂಗ್ ಹಾರಿಸಿ. ಆಯುಧ ಇಲ್ಲ, ಆದರೆ ಸ್ವಿಚ್‌ಗಳೆಲ್ಲ ಒತ್ತಬಹುದು, ಟ್ರಿಮ್, ರಡ್ಡರ್ ಎರಡನ್ನೂ ಕಂಪ್ಯೂಟರ್ ನೆರವಿಲ್ಲದೆ ಕೈಯಿಂದಲೇ ಮಾಡಬೇಕು.

ಥ್ರಾಟಲ್_ಕೈ:

ಬಾನಾಡಿ ಅವರೇ, ಪೂರ್ತಿ ಒಪ್ಪಲಾರೆ. ನೆಲದ ಗುರಿಗೆ ದಾಳಿ ಮಾಡುವ ಆಸಕ್ತಿ ಇದ್ದರೆ ಸು-25ಟಿ ಒಳ್ಳೆಯದೇ, ಕಾಸು ಕೊಡದೆ ಟಿವಿ ಕ್ಯಾಮೆರಾದಲ್ಲಿ ಗುರಿ ಹಿಡಿದು ಕ್ಷಿಪಣಿ ಬಿಡಬಹುದು. ಆದರೆ ಇವರ ಪ್ರಶ್ನೆ ಫೈಟರ್ ಬಗ್ಗೆ, ಅದಕ್ಕೆ ನೀವು ಹೇಳಿದ್ದು ಸರಿ.

ಹೊಸಹಾರ್ನೆಟ್:

ಆಕ್ಸಿಸ್ ತೊಂದರೆ ಹೋಯಿತು, ಥ್ರಾಟಲ್‌ನ ಪುಟ್ಟ ಸ್ಟಿಕ್ ಪಿಚ್‌ಗೆ ಸೇರಿಕೊಂಡಿತ್ತು. ಇನ್ನೊಂದು ಪ್ರಶ್ನೆ: ಮೋಡ ಇದ್ದಾಗ ಕೊಬುಲೆಟಿಯ ಐಎಲ್‌ಎಸ್ (ರನ್‌ವೇಗೆ ದಾರಿ ತೋರಿಸುವ ರೇಡಿಯೋ ಸಂಕೇತ) ಹಿಡಿಯಲು ನೋಡಿದೆ, ಹಡ್‌ನಲ್ಲಿ ಸೂಜಿ ಬರಲೇ ಇಲ್ಲ.

ಈ_ಬ್ರಾಕೆಟ್:

ಬರುವುದಿಲ್ಲ. ಹಾರ್ನೆಟ್‌ನಲ್ಲಿರುವುದು ಹಡಗಿನ ಮೇಲೆ ಇಳಿಯಲು ಬಳಸುವ ಐಸಿಎಲ್‌ಎಸ್, ಏರ್‌ಫೀಲ್ಡ್‌ನ ಐಎಲ್‌ಎಸ್ ಅದಕ್ಕೆ ಸಿಗದು. ಎಫ್-16ಕ್ಕೆ ಸಿಗುತ್ತೆ. ನೀವು ಟ್ಯಾಕನ್ (ಕೇಂದ್ರದ ದಿಕ್ಕು, ದೂರ ತೋರಿಸುವ ರೇಡಿಯೋ) ಬಳಸಿ: ಕೊಬುಲೆಟಿ ಚಾನಲ್ 67ಎಕ್ಸ್. ಹಡ್ ಕೆಳಗಿನ ಕೀಪ್ಯಾಡ್‌ನಲ್ಲಿ ಟ್ಯಾಕನ್ ಆನ್ ಮಾಡಿ, 67 ಒತ್ತಿ ಎಂಟರ್ ಕೊಡಿ, ಎಕ್ಸ್ ಆಯ್ಕೆಯಾಗಿದೆಯಾ ನೋಡಿ. ಎಚ್‌ಎಸ್‌ಐ (ದಿಕ್ಕು ತೋರಿಸುವ ಪರದೆ) ಪುಟದಲ್ಲಿ ಟ್ಯಾಕನ್ ಆರಿಸಿ, ಕೋರ್ಸ್ ಗೀಟನ್ನು ರನ್‌ವೇ ದಿಕ್ಕಿಗೆ ತಿರುಗಿಸಿ. ಎಡ ಬಲ ಆ ಗೀಟು ತೋರಿಸುತ್ತೆ, ಎತ್ತರಕ್ಕೆ ಮೈಲಿಗೆ 300 ಅಡಿಯ ಲೆಕ್ಕ. ಟ್ಯಾಕನ್ ತೋರಿಸುವ ದೂರ ಅದರ ಕೇಂದ್ರಕ್ಕೆ, ರನ್‌ವೇ ಆರಂಭಕ್ಕಲ್ಲ. ಆ ವ್ಯತ್ಯಾಸ ಕಳೆದು ಲೆಕ್ಕ ಹಾಕಿ.